ಮದರ್‌ಬೋರ್ಡ್ ಬದಲಿಸುವ ಮೊದಲು ಧ್ವನಿ ಎಲ್ಲಿ ನಿಂತಿದೆ ನೋಡಿ

ಪ್ರಶ್ನೆ: ನಮ್ಮ ಮನೆಯಲ್ಲಿ ಹತ್ತು-ಹನ್ನೆರಡು ವರ್ಷದ ಹಿಂದೆ ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಇದೆ. ಇಂಟೆಲ್ ಎಚ್61 ಬೋರ್ಡ್ ಎಂದು ಬಿಲ್ಲಿನಲ್ಲಿದೆ. ತುಂಬಾ ನಿಧಾನವಾಯಿತೆಂದು ಈಚೆಗೆ ಫಾರ್ಮ್ಯಾಟ್ ಮಾಡಿಸಿ ವಿಂಡೋಸ್ 10 ಹಾಕಿಸಿದೆವು. ಮೊದಲು ಸೌಂಡ್ ಸರಿಯಾಗಿಯೇ ಬರುತ್ತಿತ್ತು. ಆಮೇಲೆ ಏನೋ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆಯಿತು, ಅಂದಿನಿಂದ ಕೆಳಗಿನ ಸ್ಪೀಕರ್ ಚಿಹ್ನೆಯ ಮೇಲೆ ಕೆಂಪು ಗುರುತು ಬಂದಿದೆ, ಸದ್ದೇ ಇಲ್ಲ. ಇಂಟರ್‌ನೆಟ್‌ನಲ್ಲಿ ಸಿಕ್ಕ ಒಂದು ಡ್ರೈವರ್ ಅಪ್‌ಡೇಟ್ ಸಾಫ್ಟ್‌ವೇರ್ ಹಾಕಿದೆ. ಅದು ಇಪ್ಪತ್ತಕ್ಕೂ ಹೆಚ್ಚು ಡ್ರೈವರ್ ಹಳೆಯದಾಗಿವೆ ಎಂದು ತೋರಿಸಿ ಹಣ ಕೇಳುತ್ತಿದೆ. ಅಂಗಡಿಯಲ್ಲಿ ವಿಚಾರಿಸಿದರೆ ಸೌಂಡ್ ಹೋಗಿದೆ, ಬೋರ್ಡೇ ಬದಲಿಸಬೇಕು ಎಂದರು. ಮಗಳಿಗೆ ವಾರಕ್ಕೆರಡು ದಿನ ಆನ್‌ಲೈನಿನಲ್ಲಿ ಹಿಂದೂಸ್ತಾನಿ ಸಂಗೀತದ ಪಾಠ ಇರುತ್ತದೆ, ಈಗ ನಿಂತುಹೋಗಿದೆ. ಏನು ಮಾಡಲಿ?
— ಹುಬ್ಬಳ್ಳಿಯ ಓದುಗರು

ಉತ್ತರ: ಬೋರ್ಡ್ ಬದಲಿಸಲು ಈಗಲೇ ಒಪ್ಪಿಕೊಳ್ಳಬೇಡಿ, ಆ ಸಾಫ್ಟ್‌ವೇರಿಗೆ ಹಣವನ್ನೂ ಕಟ್ಟಬೇಡಿ. ಫಾರ್ಮ್ಯಾಟ್ ಆದಮೇಲೂ ಸೌಂಡ್ ಬಂದಿತ್ತು, ಅಪ್‌ಡೇಟ್ ಆದಮೇಲೆ ನಿಂತಿತು ಎಂದು ಬರೆದಿದ್ದೀರಿ. ಈ ಒಂದು ಮಾತು ಬಹಳ ಹೇಳುತ್ತದೆ. ಬೋರ್ಡಿನ ಮೇಲಿನ ಧ್ವನಿಯ ಚಿಪ್ಪು, ವಿಂಡೋಸ್ ಅಪ್‌ಡೇಟ್ ಆದ ಗಳಿಗೆಯಲ್ಲೇ ಸಾಯುವುದು ಅಪರೂಪ. ಡ್ರೈವರ್, ಅಂದರೆ ಚಿಪ್ಪಿಗೂ ವಿಂಡೋಸಿಗೂ ನಡುವೆ ಮಾತು ದಾಟಿಸುವ ತಂತ್ರಾಂಶ, ಅದಲುಬದಲಾಗಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಮನೆಯಲ್ಲೇ ಕುಳಿತು, ಖರ್ಚಿಲ್ಲದೆ ಸರಿಮಾಡಿಕೊಳ್ಳಬಹುದು.

ಆದರೆ ಹೊಸ ಡ್ರೈವರ್ ಹುಡುಕಿ ಹಾಕುವುದು ಮೊದಲ ಕೆಲಸವಲ್ಲ. ಸೌಂಡ್ ಬರುತ್ತಿಲ್ಲ ಎಂದ ಕೂಡಲೇ ಎಲ್ಲರೂ ಡ್ರೈವರ್ ಇಳಿಸಿಕೊಳ್ಳಲು ಹೊರಡುತ್ತಾರೆ. ಒಂದರ ಮೇಲೊಂದು ಹಾಕುತ್ತಾ ಹೋದರೆ ಮೊದಲು ಕೆಟ್ಟಿದ್ದು ಯಾವುದು, ನಾವು ಕೆಡಿಸಿದ್ದು ಯಾವುದು ಎಂದು ಬಿಡಿಸಿ ನೋಡಲು ಆಗುವುದಿಲ್ಲ. ಹಾಡು ನುಡಿಸುವ ತಂತ್ರಾಂಶದಿಂದ ವಿಂಡೋಸಿನ ಆಡಿಯೊ ಸೇವೆಗೆ, ಅಲ್ಲಿಂದ ಡ್ರೈವರಿಗೆ, ಡ್ರೈವರಿನಿಂದ ಚಿಪ್ಪಿಗೆ, ಚಿಪ್ಪಿನಿಂದ ಹಿಂಬದಿಯ ಹಸಿರು ತೂತಿಗೆ, ಕೊನೆಗೆ ಸ್ಪೀಕರಿಗೆ ಧ್ವನಿ ಸಾಗುತ್ತದೆ. ಈ ದಾರಿಯಲ್ಲಿ ಅದು ಎಲ್ಲಿ ನಿಂತಿದೆ ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಗೊತ್ತಾದಮೇಲೆ ಮಾಡಬೇಕಾದ ಕೆಲಸ ಸಾಮಾನ್ಯವಾಗಿ ಚಿಕ್ಕದಿರುತ್ತದೆ.

ಆ ಡ್ರೈವರ್ ಸಾಫ್ಟ್‌ವೇರನ್ನು ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಈಗಲೇ ತೆಗೆದುಹಾಕಿ. ‘ಹಳೆಯ ಡ್ರೈವರ್’ಗಳ ಪಟ್ಟಿ ತೋರಿಸಿ ಹೆದರಿಸುವುದೇ ಇಂಥವುಗಳ ವ್ಯಾಪಾರ. ಮೈಕ್ರೋಸಾಫ್ಟ್ ವಿಂಡೋಸಿನ ಜೊತೆಗೇ ಕೊಡುವ ಎಷ್ಟೋ ಡ್ರೈವರ್‌ಗಳಿಗೆ 2006ರ ಜೂನ್ 21 ಎಂಬ ದಿನಾಂಕವನ್ನು ಬೇಕೆಂದೇ ಹಾಕಿರುತ್ತದೆ. ತಯಾರಕರ ಡ್ರೈವರ್ ಸಿಕ್ಕಾಗ ಅದಕ್ಕೇ ಆದ್ಯತೆ ಸಿಗಲಿ ಎಂಬುದು ಅದರ ಉದ್ದೇಶ. ದಿನಾಂಕ ಹಳೆಯದೆಂದ ಮಾತ್ರಕ್ಕೆ ಡ್ರೈವರ್ ಹಳತಾಗಿದೆ ಎಂದು ಅರ್ಥವಲ್ಲ. ಅದನ್ನು ತಿಳಿಯದವರಿಗೆ ಆ ಪಟ್ಟಿ ನೋಡಿದರೆ ಗಾಬರಿಯಾಗುತ್ತದೆ. ಅಂಥ ಸಾಫ್ಟ್‌ವೇರ್ ನಿಮ್ಮ ಬೋರ್ಡಿಗೆ ಸೇರದ ಡ್ರೈವರನ್ನೂ ತಂದು ಕೂರಿಸಬಲ್ಲದು. ತೆಗೆದಮೇಲೆ ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ.

ಈಗ ಆ ಕೆಂಪು ಗುರುತಿನ ಚಿಹ್ನೆಯ ಮೇಲೆ ಮೌಸ್ ಬಾಣವನ್ನು ತಂದು, ಕ್ಲಿಕ್ ಮಾಡದೆ ಸುಮ್ಮನೆ ಹಿಡಿಯಿರಿ. ಒಂದು ಸಣ್ಣ ಸಾಲು ಮೂಡುತ್ತದೆ. ಯಾರೂ ಅದನ್ನು ಓದುವುದಿಲ್ಲ, ಆದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ. ‘ನೋ ಆಡಿಯೊ ಔಟ್‌ಪುಟ್ ಡಿವೈಸ್ ಈಸ್ ಇನ್‌ಸ್ಟಾಲ್ಡ್’ ಎಂದಿದ್ದರೆ ಬಳಸಬಹುದಾದ ಸೌಂಡ್ ಸಾಧನ ವಿಂಡೋಸಿಗೆ ಒಂದೂ ಸಿಕ್ಕಿಲ್ಲ, ಅಂದರೆ ತೊಂದರೆ ಡ್ರೈವರ್ ಅಥವಾ ಚಿಪ್ಪಿನ ಮಟ್ಟದಲ್ಲಿದೆ. ‘ದಿ ಆಡಿಯೊ ಸರ್ವೀಸ್ ಈಸ್ ನಾಟ್ ರನ್ನಿಂಗ್’ ಎಂದಿದ್ದರೆ ಡ್ರೈವರಿಗೂ ಇದಕ್ಕೂ ಸಂಬಂಧವಿಲ್ಲ, ವಿಂಡೋಸಿನ ಒಳಗಿನ ಸೇವೆ ನಿಂತಿದೆ. ‘ನೋ ಸ್ಪೀಕರ್ಸ್ ಆರ್ ಹೆಡ್‌ಫೋನ್ಸ್ ಆರ್ ಪ್ಲಗ್ಡ್ ಇನ್’ ಎಂದಿದ್ದರೆ ಡ್ರೈವರ್ ಕೆಲಸ ಮಾಡುತ್ತಿದೆ, ಪಿನ್ ಹಾಕಿರುವುದು ಮಾತ್ರ ಅದಕ್ಕೆ ಗೊತ್ತಾಗುತ್ತಿಲ್ಲ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮದು ಮೊದಲನೆಯದೇ ಇರಬೇಕು. ಉಳಿದೆರಡಕ್ಕೆ ಆಮೇಲೆ ಬರುತ್ತೇನೆ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ನಾವು ‘ಸೌಂಡ್ ಕಾರ್ಡ್’ ಎಂದು ಒಂದೇ ಹೆಸರಿನಲ್ಲಿ ಕರೆಯುವುದು ಈಗಿನ ಬೋರ್ಡುಗಳಲ್ಲಿ ಎರಡು ಭಾಗವಾಗಿದೆ. ಇಂಟೆಲ್ 2004ರಲ್ಲಿ ಹೈ ಡೆಫಿನಿಶನ್ ಆಡಿಯೊ ಎಂಬ ವ್ಯವಸ್ಥೆಯನ್ನು ತಂದಿತು. ಅದಕ್ಕೂ ಮೊದಲು ಇದ್ದದ್ದು ಎಸಿ 97. ಹೈ ಡೆಫಿನಿಶನ್ ವ್ಯವಸ್ಥೆಯಲ್ಲಿ ಮೊದಲ ಭಾಗ ಕಂಟ್ರೋಲರ್, ಅದು ಚಿಪ್‌ಸೆಟ್, ಅಂದರೆ ಬೋರ್ಡಿನ ಮುಖ್ಯ ಚಿಪ್ಪಿನ ಒಳಗೇ ಇರುತ್ತದೆ. ಎರಡನೆಯದು ಕೋಡೆಕ್, ಅಂಕಿಗಳನ್ನು ಕೇಳುವ ಧ್ವನಿಯಾಗಿ ಮಾರ್ಪಡಿಸುವ ಚಿಪ್ಪು. ನಿಮ್ಮಂಥ ಬೋರ್ಡುಗಳಲ್ಲಿ ಇದು ಹೆಚ್ಚಾಗಿ ತೈವಾನಿನ ರಿಯಲ್‌ಟೆಕ್ ಕಂಪನಿಯದು. ಕ್ಯಾಬಿನೆಟ್ ಬಾಗಿಲು ತೆಗೆದು, ಹಿಂಬದಿಯಲ್ಲಿ ಹಸಿರು-ಗುಲಾಬಿ-ನೀಲಿ ತೂತುಗಳಿರುವ ಜಾಗದ ಹತ್ತಿರ ಟಾರ್ಚ್ ಹಿಡಿದರೆ ನಾಲ್ಕೂ ಬದಿಯಲ್ಲಿ ಸೇರಿ 48 ಕಾಲಿರುವ, ಬೆರಳುಗುರಿನಷ್ಟು ದೊಡ್ಡ ಕಪ್ಪು ಚೌಕ ಕಾಣುತ್ತದೆ. ಮೇಲೆ ಏಡಿಯ ಗುರುತು, ಕೆಳಗೆ ಎಎಲ್‌ಸಿ662, ಎಎಲ್‌ಸಿ887 ಎಂಬಂಥ ಹೆಸರು. ನೆಟ್‌ವರ್ಕ್ ಚಿಪ್ಪೂ ಎಷ್ಟೋ ಬೋರ್ಡುಗಳಲ್ಲಿ ಇದೇ ಕಂಪನಿಯದಾಗಿದ್ದು ಅದರ ಮೇಲೂ ಏಡಿ ಇರುತ್ತದೆ. ಆದ್ದರಿಂದ ಏಡಿಯನ್ನು ನಂಬದೆ ಎಎಲ್‌ಸಿ ಎಂಬ ಅಕ್ಷರಗಳನ್ನು ನೋಡಿ.

ಎರಡೂ ಭಾಗಕ್ಕೆ ಬೇರೆ ಬೇರೆ ಡ್ರೈವರ್ ಇದೆ. ಕೋಡೆಕ್ಕಿನ ಹೆಸರು ‘ಸೌಂಡ್, ವಿಡಿಯೊ ಅಂಡ್ ಗೇಮ್ ಕಂಟ್ರೋಲರ್ಸ್’ ಎಂಬ ಸಾಲಿನಡಿ ಇರುತ್ತದೆ. ಕಂಟ್ರೋಲರ್ ಇರುವುದು ಬಹಳ ಕೆಳಗೆ, ‘ಸಿಸ್ಟಮ್ ಡಿವೈಸಸ್’ ಒಳಗೆ, ‘ಹೈ ಡೆಫಿನಿಶನ್ ಆಡಿಯೊ ಕಂಟ್ರೋಲರ್’ ಎಂಬ ಹೆಸರಿನಲ್ಲಿ. ಎಲ್ಲರೂ ಮೊದಲನೆಯದನ್ನಷ್ಟೇ ನೋಡುತ್ತಾರೆ. ಕಂಟ್ರೋಲರ್ ಕೆಲಸ ಮಾಡದಿದ್ದರೆ ಕೋಡೆಕ್ ವಿಂಡೋಸಿಗೆ ಕಾಣುವುದೇ ಇಲ್ಲ. ಆಗ ರಿಯಲ್‌ಟೆಕ್ ಡ್ರೈವರನ್ನು ಎಷ್ಟು ಸಲ ಹಾಕಿದರೂ ಪ್ರಯೋಜನವಿಲ್ಲ.

ಎರಡನ್ನೂ ಒಟ್ಟಿಗೆ ನೋಡಲು ಡಿವೈಸ್ ಮ್ಯಾನೇಜರಿನ ‘ವ್ಯೂ’ ಮೆನುವಿನಲ್ಲಿ ‘ಡಿವೈಸಸ್ ಬೈ ಕನೆಕ್ಷನ್’ ಆರಿಸಿ. ಪಿಸಿಐ ಎಂದು ಆರಂಭವಾಗುವ ಸಾಲನ್ನು ಬಿಡಿಸುತ್ತಾ ಹೋದರೆ ಆಡಿಯೊ ಕಂಟ್ರೋಲರ್ ಸಿಗುತ್ತದೆ, ಅದರ ಎಡಗಡೆಯ ಬಾಣ ಒತ್ತಿದರೆ ಕೆಳಗೆ ಕೋಡೆಕ್. ಎಚ್61 ಕಾಲದ ಬೋರ್ಡಿನಲ್ಲಿ ಅದೇ ಕಂಟ್ರೋಲರಿನಡಿ ಎರಡು ಹೆಸರು ಕಂಡರೂ ಆಶ್ಚರ್ಯವಿಲ್ಲ. ಒಂದು ರಿಯಲ್‌ಟೆಕ್, ಇನ್ನೊಂದು ‘ಇಂಟೆಲ್ ಡಿಸ್‌ಪ್ಲೇ ಆಡಿಯೊ’. ಎರಡನೆಯದು ಎಚ್‌ಡಿಎಂಐ ತಂತಿಯ ಮೂಲಕ ಮಾನಿಟರಿಗೆ ಧ್ವನಿ ಕಳಿಸಲು ಇರುವುದು. ಅದನ್ನು ಕಂಡು ಸೌಂಡ್ ಡ್ರೈವರ್ ಇದೆಯಲ್ಲ ಎಂದು ತಿಳಿಯಬೇಡಿ.

ನಿಮಗೆ ಏನು ಕಾಣುತ್ತದೆ ಎಂಬುದರ ಮೇಲೆ ಮುಂದಿನ ದಾರಿ. ಕೋಡೆಕ್ ಇದ್ದು ಅದರ ಮೇಲೆ ಹಳದಿ ತ್ರಿಕೋನ ಇದ್ದರೆ ಅದನ್ನು ಡಬಲ್ ಕ್ಲಿಕ್ ಮಾಡಿ, ‘ಡಿವೈಸ್ ಸ್ಟೇಟಸ್’ ಪೆಟ್ಟಿಗೆಯಲ್ಲಿ ಒಂದು ಕೋಡ್ ಇರುತ್ತದೆ. ಕೋಡ್ 10 ಎಂದರೆ ಡ್ರೈವರ್ ಇದೆ, ಆದರೆ ಸಾಧನ ಶುರುವಾಗಲಿಲ್ಲ. ಅಪ್‌ಡೇಟ್ ಆದಮೇಲೆ ಕೆಟ್ಟ ಕಂಪ್ಯೂಟರುಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಕೋಡ್ 28 ಎಂದರೆ ಡ್ರೈವರೇ ಇಲ್ಲ. ಕೋಡ್ 39 ಎಂದರೆ ಡ್ರೈವರಿನ ಕಡತ ಕೆಟ್ಟಿದೆ ಅಥವಾ ಕಾಣೆಯಾಗಿದೆ. ಕೋಡ್ 52 ಬಂದರೆ ಡ್ರೈವರಿನ ಡಿಜಿಟಲ್ ಸಹಿಯನ್ನು ವಿಂಡೋಸ್ ಒಪ್ಪುತ್ತಿಲ್ಲ. ಎಲ್ಲಿಂದಲೋ ಇಳಿಸಿಕೊಂಡ ಡ್ರೈವರ್ ಹಾಕಿದಾಗ ಇದು ಬರುತ್ತದೆ, ಆ ಡ್ರೈವರನ್ನು ಇಟ್ಟುಕೊಳ್ಳಬಾರದು. ಕೋಡ್ 22 ಇದ್ದರೆ ಯಾರೋ ಸಾಧನವನ್ನು ಡಿಸೇಬಲ್ ಮಾಡಿದ್ದಾರೆ ಅಷ್ಟೆ, ರೈಟ್ ಕ್ಲಿಕ್ ಮಾಡಿ ‘ಎನೇಬಲ್’ ಒತ್ತಿದರೆ ಸಾಕು.

ಕೋಡೆಕ್ಕಿನ ಹೆಸರೇ ಇಲ್ಲದೆ ‘ಅದರ್ ಡಿವೈಸಸ್’ ಎಂಬುದರಡಿ ‘ಮಲ್ಟಿಮೀಡಿಯಾ ಆಡಿಯೊ ಕಂಟ್ರೋಲರ್’ ಅಥವಾ ‘ಅನ್‌ನೋನ್ ಡಿವೈಸ್’ ಎಂದಿದ್ದರೆ ಅದು ಯಾರ ಚಿಪ್ಪು ಎಂದು ಕಂಡುಹಿಡಿಯಲು ಬೇರೆ ಸಾಫ್ಟ್‌ವೇರ್ ಬೇಡ. ಪ್ರಾಪರ್ಟೀಸ್ ತೆರೆದು ‘ಡೀಟೇಲ್ಸ್’ ಹಾಳೆಗೆ ಹೋಗಿ, ಮೇಲಿನ ಪಟ್ಟಿಯಲ್ಲಿ ‘ಹಾರ್ಡ್‌ವೇರ್ ಐಡೀಸ್’ ಆರಿಸಿ. ಉದ್ದನೆಯ ಅಕ್ಷರಗಳ ಸಾಲು ಬರುತ್ತದೆ. ಅದರಲ್ಲಿ ವಿಇಎನ್ ಎಂಬುದರ ಮುಂದಿನ ನಾಲ್ಕು ಅಕ್ಷರ ಕಂಪನಿಯ ಗುರುತು, ಡಿಇವಿ ಎಂಬುದರ ಮುಂದಿನ ನಾಲ್ಕು ಚಿಪ್ಪಿನ ಗುರುತು. 10ಇಸಿ ಎಂದರೆ ರಿಯಲ್‌ಟೆಕ್. 1106 ವಿಐಎ, 14ಎಫ್1 ಕೊನೆಕ್ಸಂಟ್. 10ಡಿಇ ಎನ್ವಿಡಿಯಾ, 1002 ಎಎಂಡಿ, ಇವೆರಡೂ ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡಿನ ಎಚ್‌ಡಿಎಂಐ ಧ್ವನಿಗೆ ಸೇರಿದವು. ರಿಯಲ್‌ಟೆಕ್‌ನಲ್ಲಿ ಇನ್ನೂ ಸುಲಭ: ಡಿಇವಿ ಮುಂದೆ 0887 ಇದ್ದರೆ ಎಎಲ್‌ಸಿ887, 0662 ಇದ್ದರೆ ಎಎಲ್‌ಸಿ662. ಈ ಸಾಲನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಹೀಗೆ ಗುರುತು ಓದಲು ಸಿಗುತ್ತಿದೆ ಎಂದರೆ ಚಿಪ್ಪು ಕಂಟ್ರೋಲರಿಗೆ ತನ್ನ ಹೆಸರು ಹೇಳುತ್ತಿದೆ ಎಂದೇ ಅರ್ಥ. ಸೌಂಡ್ ಹೋಗಿದೆ, ಬೋರ್ಡ್ ಬದಲಿಸಿ ಎಂದವರಿಗೆ ಆ ಫೋಟೊ ತೋರಿಸಿ.

ಇನ್ನು ದುರಸ್ತಿ. ಕೋಡ್ 10 ಅಥವಾ 39 ಇದ್ದರೆ ಕೋಡೆಕ್ಕಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಮೊದಲು ಪ್ರಾಪರ್ಟೀಸ್‌ನ ‘ಡ್ರೈವರ್’ ಹಾಳೆಯಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಲು ಆಗುತ್ತದೆಯೇ ನೋಡಿ. ಆಗುವುದಾದರೆ ಅದೇ ಎಲ್ಲಕ್ಕಿಂತ ಹತ್ತಿರದ ದಾರಿ, ಅಪ್‌ಡೇಟಿಗೆ ಮುಂಚಿನ ಡ್ರೈವರ್ ವಾಪಸ್ ಬರುತ್ತದೆ. ಆ ಬಟನ್ ಮಸುಕಾಗಿದ್ದರೆ ‘ಅನ್‌ಇನ್‌ಸ್ಟಾಲ್ ಡಿವೈಸ್’ ಒತ್ತಿ. ಆಗ ಬರುವ ಸಣ್ಣ ಕಿಟಕಿಯಲ್ಲಿ ‘ಡಿಲೀಟ್ ದಿ ಡ್ರೈವರ್ ಸಾಫ್ಟ್‌ವೇರ್ ಫಾರ್ ದಿಸ್ ಡಿವೈಸ್’ ಎಂಬ ಚೌಕವಿರುತ್ತದೆ, ಅದಕ್ಕೆ ಟಿಕ್ ಹಾಕಲೇಬೇಕು. ಟಿಕ್ ಹಾಕದೆ ತೆಗೆದರೆ ಕೆಟ್ಟ ಡ್ರೈವರ್ ವಿಂಡೋಸಿನ ದಾಸ್ತಾನಿನಲ್ಲೇ ಉಳಿದು, ಮುಂದಿನ ಸಲ ಚಾಲೂ ಆದಾಗ ಮತ್ತೆ ಅದೇ ಬಂದು ಕೂರುತ್ತದೆ. ‘ತೆಗೆದು ಹಾಕಿದೆ ಸರ್, ಆದರೂ ಸರಿಯಾಗಲಿಲ್ಲ’ ಎನ್ನುವವರನ್ನು ಕೇಳಿದರೆ ಎಷ್ಟೋ ಸಲ ಈ ಚೌಕವನ್ನು ಬಿಟ್ಟಿರುತ್ತಾರೆ.

ಆಮೇಲೆ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುವುದು ಬೇಡ. ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿದೆ. ಶಟ್‌ಡೌನ್ ಒತ್ತಿದಾಗ ವಿಂಡೋಸ್ ತನ್ನ ಒಳತಿರುಳನ್ನೂ ಡ್ರೈವರ್‌ಗಳ ಸ್ಥಿತಿಯನ್ನೂ ಡಿಸ್ಕಿನಲ್ಲಿ ಉಳಿಸಿಟ್ಟುಕೊಂಡು, ಮರುದಿನ ಅದನ್ನೇ ಎತ್ತಿಕೊಂಡು ಏಳುತ್ತದೆ. ಬೇಗ ತೆರೆಯುತ್ತದೆ ನಿಜ, ಆದರೆ ನಿನ್ನೆಯ ಕೆಟ್ಟ ಸ್ಥಿತಿಯೂ ಜೊತೆಗೆ ಬರಬಹುದು. ರೀಸ್ಟಾರ್ಟ್ ಮಾಡಿದಾಗ ಎಲ್ಲ ಡ್ರೈವರ್‌ಗಳೂ ಹೊಸದಾಗಿ ಶುರುವಾಗುತ್ತವೆ. ಡ್ರೈವರಿನ ಯಾವ ಕೆಲಸ ಮಾಡಿದರೂ ಕೊನೆಗೆ ರೀಸ್ಟಾರ್ಟೇ ಮಾಡಿ.

ರೀಸ್ಟಾರ್ಟ್ ಆದಮೇಲೆ ವಿಂಡೋಸ್ ತನ್ನಲ್ಲೇ ಇರುವ ಸಾಮಾನ್ಯ ಡ್ರೈವರನ್ನು ಹಾಕಿಕೊಂಡರೆ ಸಾಧನದ ಹೆಸರು ‘ಹೈ ಡೆಫಿನಿಶನ್ ಆಡಿಯೊ ಡಿವೈಸ್’ ಎಂದಾಗುತ್ತದೆ. ತಾನಾಗಿ ಹಾಗೆ ಆಗದಿದ್ದರೆ ‘ಅಪ್‌ಡೇಟ್ ಡ್ರೈವರ್’ ಒತ್ತಿ, ‘ಬ್ರೌಸ್ ಮೈ ಕಂಪ್ಯೂಟರ್’, ಆಮೇಲೆ ‘ಲೆಟ್ ಮಿ ಪಿಕ್’ ಎಂದು ಶುರುವಾಗುವ ಸಾಲು, ಅಲ್ಲಿ ಈ ಹೆಸರನ್ನು ಆರಿಸಿ. ನಿಮ್ಮಂಥ ಹಳೆಯ ಬೋರ್ಡಿಗೆ ನಾನು ಇದನ್ನೇ ಮೊದಲ ಆಯ್ಕೆಯಾಗಿ ಹೇಳುತ್ತೇನೆ. ಇದರಲ್ಲಿ ಈಕ್ವಲೈಜರ್ ಇಲ್ಲ, ಯಾವ ತೂತು ಯಾವ ಕೆಲಸಕ್ಕೆ ಎಂದು ಬದಲಿಸುವ ಸೌಲಭ್ಯವಿಲ್ಲ. ಆದರೆ ಹಿಂದಿನ ಹಸಿರು ತೂತಿನಿಂದ ಧ್ವನಿ, ಗುಲಾಬಿ ತೂತಿಗೆ ಮೈಕ್, ಇಷ್ಟು ಸರಿಯಾಗಿ ನಡೆಯುತ್ತದೆ. ಪಾಠ ಕೇಳಲು ಬೇಕಾದ್ದು ಇಷ್ಟೇ.

ರಿಯಲ್‌ಟೆಕ್‌ನ ಡ್ರೈವರೇ ಬೇಕೆಂದಿದ್ದರೆ ಬೋರ್ಡ್ ತಯಾರಕರ ಜಾಲತಾಣದಿಂದ ಮಾತ್ರ ಇಳಿಸಿಕೊಳ್ಳಿ. ಬೋರ್ಡಿನ ಹೆಸರು ತಿಳಿಯಲು ಸ್ಟಾರ್ಟ್ ಒತ್ತಿ ‘ಸಿಸ್ಟಮ್ ಇನ್‌ಫರ್ಮೇಶನ್’ ಎಂದು ಟೈಪ್ ಮಾಡಿ ತೆರೆದರೆ ‘ಬೇಸ್‌ಬೋರ್ಡ್ ಮ್ಯಾನುಫ್ಯಾಕ್ಚರರ್’, ‘ಬೇಸ್‌ಬೋರ್ಡ್ ಪ್ರಾಡಕ್ಟ್’ ಎಂಬ ಎರಡು ಸಾಲು ಸಿಗುತ್ತವೆ. ಕ್ಯಾಬಿನೆಟ್ ಯಾವ ಕಂಪನಿಯದು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಲ್ಯಾಪ್‌ಟಾಪ್ ಇರುವವರು ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಲ್ಲಿ ತಮ್ಮ ಮಾಡೆಲ್ ಸಂಖ್ಯೆ ಹಾಕಿಯೇ ಹುಡುಕಬೇಕು, ಏಕೆಂದರೆ ಒಂದೇ ಚಿಪ್ಪಿದ್ದರೂ ಸ್ಪೀಕರಿನ ಜೋಡಣೆ ಒಂದೊಂದು ಮಾಡೆಲಿನಲ್ಲಿ ಒಂದೊಂದು ಥರ. ಅಲ್ಲದೆ ಈಚಿನ ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ‘ಸ್ಮಾರ್ಟ್ ಸೌಂಡ್ ಟೆಕ್ನಾಲಜಿ’ ಎಂಬ ಇನ್ನೊಂದು ಡ್ರೈವರ್ ಮಧ್ಯೆ ಇರುತ್ತದೆ. ಅದಿಲ್ಲದೆ ರಿಯಲ್‌ಟೆಕ್ ಡ್ರೈವರ್ ಒಂದನ್ನೇ ಹಾಕಿದರೆ ಸದ್ದು ಬರುವುದಿಲ್ಲ. ನಿಮ್ಮ ಬೋರ್ಡಿನ ಪುಟದಲ್ಲಿ ವಿಂಡೋಸ್ 7ಕ್ಕೆ ಮಾತ್ರ ಡ್ರೈವರ್ ಇದ್ದರೆ ಅದನ್ನು ಬಲವಂತವಾಗಿ ಹಾಕಬೇಡಿ, ಸಾಮಾನ್ಯ ಡ್ರೈವರೇ ಇರಲಿ.

ಸೌಂಡ್ ಬಂದಮೇಲೆ ವಿಂಡೋಸ್ ಅಪ್‌ಡೇಟ್ ಮತ್ತೆ ಅದೇ ಕೆಟ್ಟ ಡ್ರೈವರನ್ನು ತಂದು ಹಾಕಬಹುದು. ತಡೆಯಲು ಸ್ಟಾರ್ಟ್‌ನಲ್ಲಿ ‘ಚೇಂಜ್ ಡಿವೈಸ್ ಇನ್‌ಸ್ಟಾಲೇಶನ್ ಸೆಟ್ಟಿಂಗ್ಸ್’ ಎಂದು ಹುಡುಕಿ, ಬರುವ ಪ್ರಶ್ನೆಗೆ ‘ನೋ’ ಎಂದು ಉಳಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ನೆನಪಿರಲಿ. ಎಚ್61 ಬೋರ್ಡಿಗೆ ಕೂರುವ ಪ್ರೊಸೆಸರ್‌ಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ಬ್ಯಾಂಕಿನ ಕೆಲಸಕ್ಕೂ ಇದೇ ಕಂಪ್ಯೂಟರ್ ಬಳಸುತ್ತೀರಾದರೆ ಮುಂದೆ ಯೋಚಿಸಬೇಕಾದ ವಿಷಯ ಅದು.

ಡಿವೈಸ್ ಮ್ಯಾನೇಜರಿನಲ್ಲಿ ಕಂಟ್ರೋಲರ್ ಇದ್ದು ಅದರ ಕೆಳಗೆ ಏನೂ ಇಲ್ಲವೆಂದಾದರೆ ಕೋಡೆಕ್ ಉತ್ತರ ಕೊಡುತ್ತಿಲ್ಲ. ಆಗಲೂ ಚಿಪ್ಪು ಸತ್ತಿದೆ ಎಂದು ತೀರ್ಮಾನಿಸಬೇಡಿ. ಕಂಪ್ಯೂಟರ್ ಶಟ್‌ಡೌನ್ ಆಗಿದ್ದರೂ ಗೋಡೆಯ ಸ್ವಿಚ್ ಆನ್ ಇರುವ ತನಕ ಬೋರ್ಡಿಗೆ ಸ್ವಲ್ಪ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಯುಪಿಎಸ್ ಇದ್ದರೆ ಕರೆಂಟು ಹೋದರೂ ಹಾಗೆಯೇ. ಕೆಟ್ಟ ಸ್ಥಿತಿಯಲ್ಲಿ ಸಿಕ್ಕಿಕೊಂಡ ಚಿಪ್ಪು ಅದರಿಂದಾಗಿ ಹಾಗೇ ಉಳಿಯಬಹುದು. ಕ್ಯಾಬಿನೆಟ್ಟಿನ ಹಿಂದಿನ ವಿದ್ಯುತ್ ತಂತಿಯನ್ನೇ ಕಿತ್ತು, ಮುಂದಿನ ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಜೋಡಿಸಿ. ಇಷ್ಟರಿಂದಲೇ ಕೋಡೆಕ್ ಮತ್ತೆ ಕಾಣಿಸಿಕೊಂಡ ಕಂಪ್ಯೂಟರುಗಳನ್ನು ನಾನು ಕಂಡಿದ್ದೇನೆ.

ಕಂಟ್ರೋಲರೇ ಕಾಣದಿದ್ದರೆ ಬಯಾಸ್, ಅಂದರೆ ವಿಂಡೋಸಿಗೂ ಮೊದಲು ಏಳುವ ಬೋರ್ಡಿನದೇ ತಂತ್ರಾಂಶದ ಒಳಗೆ ಹೋಗಬೇಕು. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡಿಲೀಟ್ ಕೀ ತಟ್ಟುತ್ತಿದ್ದರೆ ಹೆಚ್ಚಿನ ಬೋರ್ಡುಗಳಲ್ಲಿ ಅದು ತೆರೆಯುತ್ತದೆ. ‘ಆನ್‌ಬೋರ್ಡ್ ಡಿವೈಸಸ್’ ಅಥವಾ ‘ಇಂಟಿಗ್ರೇಟೆಡ್ ಪೆರಿಫೆರಲ್ಸ್’ ಎಂಬ ಪುಟದಲ್ಲಿ ‘ಎಚ್‌ಡಿ ಆಡಿಯೊ’ ಅಥವಾ ‘ಅಜೇಲಿಯಾ’ ಎಂಬ ಸಾಲು ಹುಡುಕಿ. ಇಂಟೆಲ್ ಈ ವ್ಯವಸ್ಥೆಗೆ ಮೊದಲು ಇಟ್ಟ ಹೆಸರು ಅಜೇಲಿಯಾ, ಹಳೆಯ ಬಯಾಸ್‌ಗಳಲ್ಲಿ ಹಾಗೇ ಉಳಿದುಬಿಟ್ಟಿದೆ. ಅದು ‘ಎನೇಬಲ್ಡ್’ ಇರಬೇಕು.

ಇಷ್ಟಾದರೂ ಚಿಪ್ಪು ಕೆಟ್ಟಿದೆಯೋ ವಿಂಡೋಸ್ ಕೆಟ್ಟಿದೆಯೋ ಎಂಬ ಅನುಮಾನ ಉಳಿದರೆ ಅದನ್ನು ತೀರಿಸುವ ಪರೀಕ್ಷೆ ಒಂದಿದೆ, ಅಂಗಡಿಗಳಲ್ಲಿ ಇದನ್ನು ಯಾಕೆ ಮಾಡುವುದಿಲ್ಲವೋ ಗೊತ್ತಿಲ್ಲ. ಎಂಟು ಜಿಬಿಯ ಒಂದು ಪೆನ್ ಡ್ರೈವ್‌ಗೆ ರೂಫಸ್ ಎಂಬ ಉಚಿತ ಸಲಕರಣೆ ಬಳಸಿ ಲಿನಕ್ಸ್ ಮಿಂಟ್ ಹಾಕಿ, ಅದು ವಿಂಡೋಸಿನ ಬದಲು ಕಂಪ್ಯೂಟರ್ ನಡೆಸುವ ಉಚಿತ ವ್ಯವಸ್ಥೆ. ಪೆನ್ ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಖಾಲಿ ಇರುವುದನ್ನೇ ತೆಗೆದುಕೊಳ್ಳಿ. ಅದನ್ನು ಸಿಕ್ಕಿಸಿ ಕಂಪ್ಯೂಟರ್ ಆನ್ ಮಾಡುವಾಗ ಎಫ್12, ಎಫ್11 ಅಥವಾ ಎಫ್8 ಒತ್ತಿದರೆ ಎಲ್ಲಿಂದ ಶುರುವಾಗಬೇಕೆಂದು ಕೇಳುತ್ತದೆ, ಪೆನ್ ಡ್ರೈವ್ ಆರಿಸಿ. ಲಿನಕ್ಸ್ ಪೆನ್ ಡ್ರೈವಿನಿಂದಲೇ ನಡೆಯುತ್ತದೆ, ನಿಮ್ಮ ಹಾರ್ಡ್ ಡಿಸ್ಕನ್ನು ಮುಟ್ಟುವುದಿಲ್ಲ. ತೆರೆಮೇಲಿನ ‘ಇನ್‌ಸ್ಟಾಲ್’ ಚಿತ್ರವನ್ನು ಮಾತ್ರ ಒತ್ತಬೇಡಿ. ಸೌಂಡ್ ಸೆಟ್ಟಿಂಗ್ಸ್ ತೆರೆದು ‘ಟೆಸ್ಟ್’ ಒತ್ತಿ. ಎಡ, ಬಲ ಎಂದು ಸ್ಪೀಕರಿನಿಂದ ದನಿ ಬಂದರೆ ನಿಮ್ಮ ಚಿಪ್ಪು, ತೂತು, ಸ್ಪೀಕರ್ ಮೂರೂ ಚೆನ್ನಾಗಿವೆ, ಕೆಟ್ಟಿರುವುದು ವಿಂಡೋಸ್ ಒಳಗೆ ಮಾತ್ರ. ಅಲ್ಲೂ ಸಾಧನವೇ ಕಾಣದಿದ್ದರೆ ಆಗ ಚಿಪ್ಪಿನ ಮೇಲೆ ಸಂಶಯಪಡಬಹುದು.

ಚಿಪ್ಪು ನಿಜವಾಗಿ ಹೋಗಿದ್ದರೂ ಬೋರ್ಡ್ ಬದಲಿಸುವ ಅಗತ್ಯವಿಲ್ಲ. ಕೆಲವು ನೂರು ರೂಪಾಯಿಗೆ ಯುಎಸ್‌ಬಿ ಸೌಂಡ್ ಕಾರ್ಡ್ ಸಿಗುತ್ತದೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಸಿಗುತ್ತದೆ, ನಿಮ್ಮೂರಿನಲ್ಲೂ ಸಿಗುತ್ತದೆ. ಹೆಬ್ಬೆರಳಿನಷ್ಟು ಉದ್ದ, ಒಂದು ಬದಿ ಯುಎಸ್‌ಬಿ, ಇನ್ನೊಂದು ಬದಿ ಮೈಕ್ ಮತ್ತು ಹೆಡ್‌ಫೋನ್ ತೂತು. ಇವು ಯುಎಸ್‌ಬಿ ಆಡಿಯೊ ಎಂಬ ಒಂದೇ ಒಪ್ಪಂದದ ಪ್ರಕಾರ ನಡೆಯುವುದರಿಂದ ವಿಂಡೋಸಿನಲ್ಲೇ ಇರುವ ಡ್ರೈವರ್ ಸಾಕಾಗುತ್ತದೆ, ಸಿಡಿ ಬೇಡ, ಡೌನ್‌ಲೋಡ್ ಬೇಡ. ಯುಎಸ್‌ಬಿ ಪಿನ್ನಿನ ಹೆಡ್‌ಸೆಟ್ ಕೂಡ ಇದೇ ಥರ. ಮುಂದಿನ ಪಾಠ ತಪ್ಪಬಾರದು ಎಂದಿದ್ದರೆ ಮೇಲಿನದೆಲ್ಲ ನಿಧಾನವಾಗಿ ಮಾಡಿಕೊಳ್ಳಿ, ಇದೊಂದನ್ನು ಇವತ್ತೇ ತನ್ನಿ.

ಉಳಿದೆರಡು ಸಂದೇಶಗಳ ಬಗ್ಗೆ, ಇದೇ ತೊಂದರೆ ಇರುವ ಬೇರೆ ಓದುಗರಿಗಾಗಿ. ಆಡಿಯೊ ಸರ್ವೀಸ್ ನಿಂತಿದೆ ಎಂದಿದ್ದರೆ ಸ್ಟಾರ್ಟ್‌ನಲ್ಲಿ ‘ಸರ್ವೀಸಸ್’ ತೆರೆದು ‘ವಿಂಡೋಸ್ ಆಡಿಯೊ ಎಂಡ್‌ಪಾಯಿಂಟ್ ಬಿಲ್ಡರ್’ ಮೊದಲು, ‘ವಿಂಡೋಸ್ ಆಡಿಯೊ’ ಆಮೇಲೆ ಚಾಲೂ ಮಾಡಿ, ಎರಡಕ್ಕೂ ‘ಆಟೊಮ್ಯಾಟಿಕ್’ ಆರಿಸಿ. ಎರಡನೆಯದು ಮೊದಲನೆಯದನ್ನು ನೆಚ್ಚಿಕೊಂಡಿದೆ, ಆದ್ದರಿಂದ ಈ ಕ್ರಮ.

ಪಿನ್ ಹಾಕಿಲ್ಲ ಎಂಬ ಸಂದೇಶ ಬಂದರೆ ಸ್ಪೀಕರಿನ ಪಿನ್ನನ್ನು ಕ್ಯಾಬಿನೆಟ್ಟಿನ ಮುಂದಿನ ತೂತಿನಿಂದ ತೆಗೆದು ಹಿಂದಿನ ಹಸಿರು ತೂತಿಗೆ ಹಾಕಿ ನೋಡಿ. ಮುಂದಿನ ತೂತುಗಳು ಒಂದು ತೆಳು ತಂತಿಯ ಮೂಲಕ ಬೋರ್ಡಿಗೆ ಸೇರುತ್ತವೆ. ಹಳೆಯ ಕ್ಯಾಬಿನೆಟ್ಟುಗಳಲ್ಲಿ ಆ ತಂತಿಗೆ ಎಸಿ 97, ಎಚ್‌ಡಿ ಆಡಿಯೊ ಎಂದು ಎರಡು ಕೊಂಡಿ ಇರುತ್ತವೆ. ಎಸಿ 97 ಕೊಂಡಿ ಹಾಕಿದ್ದರೆ ಪಿನ್ ಸಿಕ್ಕಿಸಿದ್ದು ಚಿಪ್ಪಿಗೆ ಗೊತ್ತಾಗುವುದಿಲ್ಲ. ಕೊಂಡಿ ಬದಲಿಸಿದರೆ ಸರಿಹೋಗುತ್ತದೆ, ಅಥವಾ ರಿಯಲ್‌ಟೆಕ್‌ನ ಸಾಫ್ಟ್‌ವೇರಿನಲ್ಲಿ ಮುಂದಿನ ತೂತಿನ ಪತ್ತೆ ನಿಲ್ಲಿಸುವ ಆಯ್ಕೆ ಇರುತ್ತದೆ. ಕರಾವಳಿಯ ಮನೆಗಳಲ್ಲಿ ಉಪ್ಪುಗಾಳಿಗೆ ತೂತಿನೊಳಗಿನ ತಗಡು ಕಿಲುಬು ಹಿಡಿದೂ ಹೀಗಾಗುತ್ತದೆ.

ಕೆಂಪು ಗುರುತೇ ಇಲ್ಲ, ಧ್ವನಿಯ ಮಟ್ಟ ತೋರಿಸುವ ಹಸಿರು ಪಟ್ಟಿ ಕುಣಿಯುತ್ತಿದೆ, ಆದರೂ ಸದ್ದಿಲ್ಲ ಎಂದರೆ ಧ್ವನಿ ಬೇರೆ ಕಡೆ ಹೋಗುತ್ತಿದೆ. ಎಚ್‌ಡಿಎಂಐ ತಂತಿಯ ಹೊಸ ಮಾನಿಟರ್ ತಂದವರಲ್ಲಿ ಇದು ತುಂಬಾ ಸಾಮಾನ್ಯ. ಸ್ಪೀಕರೇ ಇಲ್ಲದ ಮಾನಿಟರನ್ನೂ ವಿಂಡೋಸ್ ಕೆಲವೊಮ್ಮೆ ಧ್ವನಿಯ ದಾರಿಯಾಗಿ ಆರಿಸಿಕೊಂಡುಬಿಡುತ್ತದೆ. ಸ್ಪೀಕರ್ ಚಿಹ್ನೆಯನ್ನು ಒತ್ತಿ, ಮೇಲೆ ಬರುವ ಹೆಸರನ್ನು ಬದಲಿಸಿದರೆ ಮುಗಿಯಿತು.

ನಿಮ್ಮ ಮಗಳ ಪಾಠದ ವಿಷಯದಲ್ಲಿ ಇನ್ನೆರಡು ಮಾತು ಹೇಳಲೇಬೇಕು, ಏಕೆಂದರೆ ಡ್ರೈವರ್ ಸರಿಹೋದಮೇಲೂ ಸಂಗೀತದ ಪಾಠದಲ್ಲಿ ‘ಸೌಂಡ್ ಸರಿಯಿಲ್ಲ’ ಎಂಬ ದೂರು ಬರುತ್ತದೆ, ಜನ ಮತ್ತೆ ಡ್ರೈವರನ್ನೇ ಕೆದಕಲು ಹೋಗುತ್ತಾರೆ. ಅದೇ ಕಂಪ್ಯೂಟರಿನಲ್ಲಿ ತಾನ್‌ಪುರದ ಆ್ಯಪ್ ಹಾಕಿಕೊಂಡು ಪಾಠಕ್ಕೆ ಕೂತರೆ ಕರೆ ಶುರುವಾದ ಕೂಡಲೇ ಶ್ರುತಿಯ ಸದ್ದು ಕುಗ್ಗಿಹೋಗಬಹುದು. ಕರೆ ಬಂದಾಗ ಉಳಿದ ಸದ್ದುಗಳನ್ನು ಶೇಕಡಾ 80ರಷ್ಟು ತಗ್ಗಿಸುವ ಏರ್ಪಾಡು ವಿಂಡೋಸಿನಲ್ಲಿ ಮೊದಲಿನಿಂದಲೇ ಆನ್ ಇರುತ್ತದೆ. ಕಂಟ್ರೋಲ್ ಪ್ಯಾನೆಲಿನ ‘ಸೌಂಡ್’ ತೆರೆದು ‘ಕಮ್ಯುನಿಕೇಶನ್ಸ್’ ಹಾಳೆಯಲ್ಲಿ ‘ಡು ನಥಿಂಗ್’ ಆರಿಸಿ.

ಇನ್ನೊಂದು ತೊಂದರೆ ಗುರುಗಳ ಕಡೆ ಕೇಳಿಸುವುದರಲ್ಲಿ. ಕರೆಯ ಆ್ಯಪ್‌ಗಳು ಒಂದೇ ಸಮನೆ ಬರುವ ಸದ್ದನ್ನು ಫ್ಯಾನಿನ ಗದ್ದಲದಂತೆ ಎಣಿಸಿ ಕತ್ತರಿಸುತ್ತವೆ. ತಾನ್‌ಪುರದ ನಾದ ಒಂದೇ ಸಮನೆ ಇರುವುದರಿಂದ ಅದೂ ಮಾಯವಾಗುತ್ತದೆ. ಮಗಳು ಷಡ್ಜದ ಮೇಲೆ ದೀರ್ಘವಾಗಿ ನಿಂತಾಗ ಅವಳ ಸ್ವರವೂ ನಡುನಡುವೆ ತುಂಡಾಗಬಹುದು. ಝೂಮ್ ಬಳಸುವುದಾದರೆ ಅದರ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಶಿಯನ್ಸ್’ ಎಂಬುದನ್ನು ಆರಿಸಿ, ಪಾಠದ ಹೊತ್ತಿನಲ್ಲಿ ಪರದೆಯ ಮೇಲೆ ಕಾಣುವ ಅದೇ ಬಟನ್ ಆನ್ ಇದೆಯೇ ನೋಡಿ. ಜೊತೆಗೆ ‘ಸೌಂಡ್’ನ ‘ರೆಕಾರ್ಡಿಂಗ್’ ಹಾಳೆಯಲ್ಲಿ ಮೈಕಿನ ಪ್ರಾಪರ್ಟೀಸ್ ತೆರೆದು ‘ಎನ್‌ಹಾನ್ಸ್‌ಮೆಂಟ್ಸ್’ ಇದ್ದರೆ ಎಲ್ಲವನ್ನೂ ನಿಲ್ಲಿಸಿ, ಡ್ರೈವರ್ ಕೂಡ ತನ್ನ ಮಟ್ಟದಲ್ಲಿ ಇದೇ ಕತ್ತರಿ ಆಡಿಸುತ್ತದೆ. ಇದನ್ನು ಮಾಡಿದಮೇಲೆ ಮಗಳು ಹೆಡ್‌ಫೋನ್ ಹಾಕಿಕೊಂಡೇ ಕೂರಲಿ, ಇಲ್ಲದಿದ್ದರೆ ಗುರುಗಳಿಗೆ ತಮ್ಮದೇ ದನಿ ತಿರುಗಿ ಕೇಳಿಸುತ್ತದೆ. ಮೈಕ್ ಒಟ್ಟಾರೆ ಕೆಲಸವೇ ಮಾಡದಿದ್ದರೆ ಡ್ರೈವರಿಗೆ ಕೈಹಾಕುವ ಮೊದಲು ಸೆಟ್ಟಿಂಗ್ಸ್‌ನ ‘ಪ್ರೈವೆಸಿ’ ಒಳಗೆ ‘ಮೈಕ್ರೊಫೋನ್’ ತೆರೆದು, ಆ್ಯಪ್‌ಗಳಿಗೆ ಅನುಮತಿ ಇದೆಯೇ ಎಂದು ನೋಡಿ.

ಇದೆಲ್ಲ ಮಾಡಿಯೂ ಸದ್ದು ಬಾರದಿದ್ದರೆ ಮತ್ತೆ ಬರೆಯಿರಿ. ಬರೆಯುವಾಗ ಕೆಂಪು ಗುರುತಿನ ಮೇಲೆ ಬಾಣ ಹಿಡಿದಾಗ ಬಂದ ಸಾಲು, ಡಿವೈಸ್ ಸ್ಟೇಟಸ್‌ನ ಕೋಡ್, ಹಾರ್ಡ್‌ವೇರ್ ಐಡಿಯ ಮೊದಲ ಸಾಲು, ಪೆನ್ ಡ್ರೈವಿನ ಲಿನಕ್ಸ್‌ನಲ್ಲಿ ಸದ್ದು ಬಂತೋ ಇಲ್ಲವೋ ಎಂಬುದು, ಈ ನಾಲ್ಕನ್ನೂ ಸೇರಿಸಿ.